ಹಾಲಮ್ಮನ ಮನೆಯ ಇಂಗುಗುಂಡಿ

ನಮ್ಮ ಊರಿನಲ್ಲಿ ಮದುವೆಯಾಗಿ ಬಂದ ಹೆಣ್ಣು ಹೊಂದಿಕೊಂಡಳೇ ಇಲ್ಲವೇ ಎಂದು ಅವಳ ಮುಖ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಎಂಟನೆಯ ದಿನ ಬೆಳಿಗ್ಗೆ ಮನೆಯವರೆಲ್ಲ ಹಿತ್ತಲಿಗೆ ಹೋಗಿ ಇಂಗುಗುಂಡಿಯ ಮುಚ್ಚಳ ಎತ್ತುತ್ತಾರೆ. ನೀರು ಇಳಿದಿದ್ದರೆ ಮುಚ್ಚಳಕ್ಕೆ ಅರಿಶಿನ ಹಚ್ಚುತ್ತಾರೆ. ನಿಂತಿದ್ದರೆ ಇನ್ನೂ ಎಂಟು ದಿನ ನೋಡೋಣ ಎಂದು ಮುಚ್ಚಿ ಒಳಗೆ ಬರುತ್ತಾರೆ. ಅವತ್ತು ಆ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುವುದಿಲ್ಲ.

ಊರಿನ ಮಣ್ಣು ಹಾಗೆ. ಮನೆಯಲ್ಲಿ ಮನಸ್ಸಿಟ್ಟು ಇರುವವರ ನೀರನ್ನು ಕುಡಿಯುತ್ತದೆ, ಉಳಿದವರ ನೀರನ್ನು ಬಿಡುತ್ತದೆ. ಒಳಚರಂಡಿ ಇಲ್ಲ. ಪ್ರತಿ ಮನೆಯ ಬಚ್ಚಲು, ಪಾಯಿಖಾನೆಯ ನೀರು ಹಿತ್ತಲಿನ ತೊಟ್ಟಿಗೆ ಹೋಗಿ, ಅಲ್ಲಿ ಕಸರು ತಳಕ್ಕಿಳಿದು, ತಿಳಿನೀರು ಪಕ್ಕದ ಇಂಗುಗುಂಡಿಗೆ ಬರುತ್ತದೆ. ಅಲ್ಲಿ ಇಳಿಯುತ್ತದೆ ಅಥವಾ ನಿಲ್ಲುತ್ತದೆ. ನೆಂಟರ ಮೂರು ದಿನದ ನೀರನ್ನು ಮಣ್ಣು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಲೆಯ ಮೇಷ್ಟರುಗಳಿಗೆ ವರ್ಗಾವಣೆ ಬರುವುದು ಅವರಿಗಿಂತ ಮೊದಲು ಮನೆಯ ಮಾಲೀಕರಿಗೆ ಗೊತ್ತಾಗುತ್ತದೆ. ಬಸ್ ನಿಲ್ದಾಣದ ಲಾಡ್ಜಿನ ಗುಂಡಿ ಯಾವಾಗಲೂ ತುಂಬಿರುತ್ತದೆ, ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಒಮ್ಮೆ ಅದು ಅರ್ಧಕ್ಕೆ ಇಳಿದಿತ್ತು. ಆರನೇ ನಂಬರಿನ ರೂಮಿನಲ್ಲಿದ್ದ ಪಾತ್ರೆ ಮಾರುವವನಿಗೆ ಇಲ್ಲಿಂದ ಹೋಗುವ ಮನಸ್ಸಿಲ್ಲ ಎಂದು ಮ್ಯಾನೇಜರನಿಗೆ ಗೊತ್ತಾಗಿದ್ದು ಹಾಗೆ. ಆತ ಈಗ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ.

ನಿಂತ ನೀರು ಪಕ್ಕದ ಬಾವಿಗೆ ಸೋರುತ್ತದೆ. ಅದಕ್ಕೇ ಒಂದು ಕಟ್ಟಳೆ ಇದೆ. ಯಾರ ನೀರು ನಿಂತಿದೆಯೋ ಅವರು ಒಂಬತ್ತು ದಿನದೊಳಗೆ ಆ ಹಿತ್ತಲು ಬಿಡಬೇಕು. ಮೂರು ತಿಂಗಳಾದ ಮೇಲೆ ಬೇಕಾದರೆ ಬಂದು ಮತ್ತೆ ನೋಡಬಹುದು. ಯಾರ ನೀರು ಎಂದು ಕಂಡುಹಿಡಿದು ಬರೆದುಕೊಡುವುದು ಪುರಸಭೆಯಲ್ಲಿ ನನ್ನ ಕೆಲಸ. ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಜನ ನನ್ನನ್ನು ಗುಂಡಿ ಮೇಡಂ ಎನ್ನುತ್ತಾರೆ. ಎದುರಿಗೇ ಅನ್ನುತ್ತಾರೆ.

ಹಾಲಮ್ಮನ ಮನೆಯ ಮೇಲೆ ದೂರು ಬಂದಾಗ ನನ್ನ ಗಂಡ ಇಂದುಧರ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಮನೆ ಊರಿನ ಹೊರಗೆ, ಕೆರೆ ಏರಿಯ ಕೆಳಗಿತ್ತು. ಐದು ಮನೆಗೆ ಒಂದು ಬಾವಿ. ನೀರು ವಾಸನೆ ಬರುತ್ತಿದೆ ಎಂದು ಪಕ್ಕದವರು ಬರೆದುಕೊಟ್ಟಿದ್ದರು. ನಾನು ಬಿದಿರಿನ ಗಳು, ಟೇಪು, ಬಣ್ಣದ ಡಬ್ಬಿ ತೆಗೆದುಕೊಂಡು ಹೋದೆ. ಹಾಲಮ್ಮ ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ ಹೆಂಗಸು, ಮದುವೆಯಾಗಿಲ್ಲ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವರು ಇವರೇ.

"ಬರ್ರಿ ಮೇಡಂ. ಅಕ್ಕಪಕ್ಕದೋರ ಮೂಗು ನಮ್ಮನೆ ಮೂಗಿಗಿಂತ ಚುರುಕು. ಕೂತ್ಕಳ್ರಿ, ಮಜ್ಜಿಗೆ ತರ್ತೀನಿ."

"ಮೊದಲು ಅಳತೆ ಮಾಡುತ್ತೇನಮ್ಮ. ಮನೆಯಲ್ಲಿ ಎಷ್ಟು ಜನ?"

"ಮೂರು. ಮತ್ತೆ ಒಂದು."

ಒಳಗಿನಿಂದ ಬಂದ ಹೆಂಗಸು, "ನಾಲ್ಕು ಅಂತ ಬರ್ಕಳ್ರಿ ಮೇಡಂ" ಅಂದಳು.

ಅವಳು ವಿಶಾಲಾಕ್ಷಿ. ಹಾಲಮ್ಮನ ತಮ್ಮ ಮುರಿಗೆಪ್ಪನವರ ಎರಡನೆಯ ಹೆಂಡತಿ. ಉಡಿಕೆ ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಮೊದಲ ಗಂಡ ಬಿಟ್ಟು ಹೋಗಿದ್ದ. ಅವನ ಮಗಳು ಚಂಪಾ ಜೊತೆಗೆ ಬಂದಿದ್ದಳು. ಒಂಬತ್ತು ವರ್ಷ. ಬಾಗಿಲ ಹಿಂದೆ ನಿಂತು ನನ್ನ ಡಬ್ಬಿಯನ್ನು ನೋಡುತ್ತಿದ್ದಳು. ಹಾಲಮ್ಮ ಹೇಳಿದ "ಒಂದು" ಅವಳೇ.

ಎರಡು ನಲ್ಲಿ, ಒಂದು ಬಚ್ಚಲು, ಒಂದು ಪಾಯಿಖಾನೆ. ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಆ ನೀರು ಬಾಳೆಗೆ. ಗುಂಡಿಯಿಂದ ಬಾವಿಗೆ ನಲವತ್ತೆರಡು ಅಡಿ. ಗಳುವಿಗೆ ಬಿಳಿ ಬಟ್ಟೆ ಸುತ್ತಿ ತೊಟ್ಟಿಯೊಳಗೆ ಇಳಿಸಿದೆ. ಒಂದೂವರೆ ಅಡಿ ಕಸರು. ತೆಗೆಸುವ ಹೊತ್ತು ಬಂದಿರಲಿಲ್ಲ. ತೊಟ್ಟಿಯಲ್ಲಿ ತಪ್ಪಿಲ್ಲ. ಇಂಗುಗುಂಡಿಯ ಮುಚ್ಚಳ ಎತ್ತಿದರೆ ನೀರು ಬಾಯಿಗಿಂತ ಒಂದು ಮೊಳ ಕೆಳಗೆ ನಿಂತಿತ್ತು.

"ಯಾವಾಗಿಂದ?"

"ಇವರು ಬಂದಾಗಿಂದ" ಅಂದರು ಹಾಲಮ್ಮ. ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. "ಇವಳು ಪಾಪದೋಳು, ಇರಾಕೆ ಬಂದೋಳು. ಆ ಕೂಸಿಗೆ ಮಾತ್ರ ಅಪ್ಪನ ಕಡೆ ಮನಸ್ಸು. ನನ್ನ ತಮ್ಮನ್ನ ಗಿರಣಿ ಅಪ್ಪ ಅಂತದೆ. ಬರೀ ಅಪ್ಪ ಅನ್ನಲ್ಲ. ನನ್ನದು ಬಿಡ್ರಿ, ಅರವತ್ತು ವರ್ಷದಿಂದ ಇಳೀತೈತೆ. ನಾನು ಜಾರಿ ಬಿದ್ರೆ ನನ್ನನ್ನೂ ಹಂಗೇ ಕುಡ್ಕಂಬಿಡ್ತೈತೆ ಈ ಮಣ್ಣು."

ಮುರಿಗೆಪ್ಪನವರು ಗಿರಣಿಯಿಂದ ಬಂದರು. ಏರಿಯ ಆಚೆ ಅವರ ಹಿಟ್ಟಿನ ಗಿರಣಿ ಇದೆ. ಹುಬ್ಬಿನವರೆಗೂ ಬೆಳ್ಳಗಿದ್ದರು. ನಾಲ್ವರನ್ನೂ ಜಗಲಿಯ ಮೇಲೆ ಕೂರಿಸಿ ನಾನು ಎಲ್ಲ ಮನೆಯಲ್ಲೂ ಹೇಳುವುದನ್ನು ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪುಡಿ. ಮೂರು ದಿನ ಬಚ್ಚಲಿಗೆ, ಪಾಯಿಖಾನೆಗೆ ಹೋದಾಗಲೆಲ್ಲ ಒಂದು ಚಿಟಿಕೆ ಹಾಕಿ ನೀರು ಬಿಡಬೇಕು. ಪುಡಿ ಕೈಕಾಲಿಗೆ ಹತ್ತಿದರೆ ಬೇಗ ಹೋಗುವುದಿಲ್ಲ, ನೋಡಿಕೊಂಡು ಹಾಕಿ. ನಾಲ್ಕನೆಯ ದಿನ ಬರುತ್ತೇನೆ. ಇಳಿಯುವ ಬಣ್ಣ ಇಳಿದಿರುತ್ತದೆ, ನಿಲ್ಲುವ ಬಣ್ಣ ನಿಂತಿರುತ್ತದೆ.

ಹಾಲಮ್ಮನಿಗೆ ಹಳದಿ, ವಿಶಾಲಾಕ್ಷಿಗೆ ನೀಲಿ, ಮುರಿಗೆಪ್ಪನವರಿಗೆ ಹಸಿರು, ಚಂಪಾಗೆ ಕೆಂಪು. ಅದೇ ಬಣ್ಣದ ದಾರವನ್ನು ಅವರವರ ಮುಂಗೈಗೆ ಕಟ್ಟಿದೆ. ನಾನು ಹಾಕುವ ಗಂಟು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಯಾರದು ಯಾವ ಬಣ್ಣ ಎಂದು ಆಮೇಲೆ ಜಗಳ ಆಗಬಾರದು ಎಂದು ಹಾಗೆ ಮಾಡುವುದು. ಹಾಲಮ್ಮ ದಾರ ನೋಡಿಕೊಂಡು, "ಈ ವಯಸ್ಸಲ್ಲಿ ನನಗೆ ಕಂಕಣ ಕಟ್ಟಿದ್ರಲ್ಲ ಮೇಡಂ, ಗಂಡು ಎಲ್ಲಿ?" ಅಂದರು. ಮುರಿಗೆಪ್ಪನವರು ನಕ್ಕರು. ಚಂಪಾ ತನ್ನ ಪೊಟ್ಟಣವನ್ನೂ ಅವರ ಪೊಟ್ಟಣವನ್ನೂ ನೋಡುತ್ತಿದ್ದಳು. ನಾನು ಅದನ್ನು ಕಂಡೆ, ಏನೂ ಅನ್ನಿಸಲಿಲ್ಲ. ಆಗೆಲ್ಲ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಇಂದುಧರನ ವಿಷಯ ಇಷ್ಟು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಹಸುವಿಗೆ ಇಂಜೆಕ್ಷನ್ ಕೊಟ್ಟು ಬಂದು, ಎದೆ ಹಿಡಿದಂತಾಗುತ್ತಿದೆ ಎಂದು ಕುಳಿತ. ಎದ್ದೇಳಲಿಲ್ಲ. ಮೂವತ್ತೊಂದು ವರ್ಷ. ನಾನು ಮದುವೆಯಾಗಿ ಬಂದಾಗ ನನ್ನ ನೀರು ಎಂಟು ದಿನ ಕಾಯದೆ ಮೂರನೆಯ ದಿನವೇ ಇಳಿದಿತ್ತು. ಅವನು ತಡೆಯಲಾರದೆ ಕದ್ದು ಮುಚ್ಚಳ ಎತ್ತಿ ನೋಡಿ, ಹೋಟೆಲಿಗೆ ಹೋಗಿ ಎಲ್ಲರಿಗೂ ಹೇಳಿದ್ದ. ಆ ಮುಚ್ಚಳವನ್ನೂ ಅವನೇ ಸಿಮೆಂಟಿನಲ್ಲಿ ಎರಕ ಹೊಯ್ದದ್ದು. ಹಸಿಯಿರುವಾಗ ಬೆಕ್ಕು ನಡೆದು ಹೋಗಿ ನಾಲ್ಕು ಹೆಜ್ಜೆ ಮೂಡಿವೆ.

ಅವನು ಹೋದ ಮೇಲೆ ನಾನು ಆ ಮುಚ್ಚಳ ಎತ್ತಿರಲಿಲ್ಲ. ನಮ್ಮ ವಾರ್ಡಿನ ರಿಜಿಸ್ಟರು ನನ್ನ ಹತ್ತಿರವೇ ಇರುತ್ತದೆ. ಪ್ರತಿ ತಿಂಗಳೂ ನನ್ನ ಮನೆಯ ಮುಂದೆ "ಇಂಗಿದೆ" ಎಂದು ಬರೆಯುತ್ತಿದ್ದೆ. ತಪಾಸಣೆ ಮಾಡುವವರ ಮನೆಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಅಮ್ಮ ಫೋನು ಮಾಡಿ ಬಂದುಬಿಡು ಎಂದಾಗಲೆಲ್ಲ, ನನ್ನ ನೀರು ಇಲ್ಲಿ ಇಂಗುತ್ತಿದೆಯಮ್ಮ ಎನ್ನುತ್ತಿದ್ದೆ. ಅಮ್ಮನ ಊರಿನಲ್ಲಿ ಮಣ್ಣು ಎಲ್ಲರ ನೀರನ್ನೂ ಕುಡಿಯುತ್ತದೆ. ಅವಳಿಗೆ ಈ ಮಾತು ಅರ್ಥವಾಗುತ್ತಿರಲಿಲ್ಲ. ಆದರೂ ಸುಮ್ಮನಾಗುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಹಾಲಮ್ಮನ ಹಿತ್ತಲಿನಲ್ಲಿ ಐದು ಮನೆಯವರೂ ಸೇರಿದ್ದರು. ಮುಚ್ಚಳ ಎತ್ತಿದೆ. ಹಳದಿ ಇಲ್ಲ, ನೀಲಿ ಇಲ್ಲ, ಹಸಿರು ಇಲ್ಲ. ಕೆಂಪು ನಿಂತಿತ್ತು.

ಎಲ್ಲರೂ ಮೊದಲು ಗುಂಡಿ ನೋಡಿದರು. ಆಮೇಲೆ ಚಂಪಾಳ ಮುಂಗೈ ನೋಡಿದರು. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನಾನು ಹೇಳಿರ್ಲಿಲ್ವಾ" ಅಂದರು ಹಾಲಮ್ಮ. ಗೆದ್ದ ದನಿಯಲ್ಲಿ ಹೇಳಲು ಹೊರಟಿದ್ದರು, ಕೊನೆಯ ಹೊತ್ತಿಗೆ ದನಿ ಬಿದ್ದಿತು. "ಕೂಸಿನ ತಪ್ಪೇನೈತೆ. ಪೇಟೆ ಹಾಸ್ಟೆಲ್ಲಿಗೆ ಬಿಡಾಣ. ಅಲ್ಲಿ ಊಟ ಚಲೋ ಕೊಡ್ತಾರಂತೆ."

ವಿಶಾಲಾಕ್ಷಿ ಮಗಳ ಹಿಂದೆ ಹೋಗಿ ನಿಂತಳು. "ಅವಳ ಜತೆ ನಾನೂ ಹೋಗ್ತೀನಿ ಅತ್ತಿಗೆ."

"ನೀನ್ಯಾಕೆ ಹೋಗ್ತೀಯ? ನಿನ್ನ ನೀಲಿ ಇಳಿದೈತೆ."

"ಇವತ್ತು ಇಳಿದೈತೆ. ಅವಳನ್ನ ಕಳಿಸಿದ ಮಾರನೇ ದಿನ ಬಂದು ನೋಡ್ರಿ."

ಮುರಿಗೆಪ್ಪನವರು ಬಾಳೆಯ ಬುಡದಲ್ಲಿ ನಿಂತಿದ್ದರು. "ಗಿರಣಿಗೆ ಜನ ಬಂದಿರ್ತಾರೆ" ಎಂದು ಹೊರಟುಹೋದರು. ಪಕ್ಕದ ಮನೆಯವರು ತಮಗೇನೂ ಬೇಕಿರಲಿಲ್ಲ, ಬಾವಿ ನೀರು ಸರಿಯಾದರೆ ಸಾಕಿತ್ತು ಎಂದು ಒಬ್ಬೊಬ್ಬರೇ ಜಾರಿದರು. ನಾನು ಮುಚ್ಚಳ ಮುಚ್ಚಿದೆ. ವರದಿ ಬರೆದು ಆರನೆಯ ದಿನ ತರುತ್ತೇನೆ, ಮನೆಯ ಯಜಮಾನರು ಸಹಿ ಹಾಕಬೇಕು ಎಂದೆ. ಹೊರಡುವಾಗ ಚಂಪಾ ಕೇಳಿದಳು, "ಆಂಟಿ, ಹಾಸ್ಟೆಲ್ಲಲ್ಲಿ ಗುಂಡಿ ಇರುತ್ತಾ?"

"ಇರುತ್ತದೆ."

"ಅಲ್ಲೂ ನೋಡ್ತಾರಾ?"

"ಅಲ್ಲಿ ನೋಡುವುದಿಲ್ಲ. ಅಲ್ಲಿ ಯಾವಾಗಲೂ ನಿಂತೇ ಇರುತ್ತದೆ" ಎಂದೆ. ಒಂದು ಮಗುವಿಗೆ ಹೇಳುವ ಮಾತಲ್ಲ. ನಿಜ ಎಂದು ಹೇಳಿದೆ.

ಆರನೆಯ ದಿನ ಮಧ್ಯಾಹ್ನ ಹೋದೆ. ಜಗಲಿಯ ಮೇಲೆ ಎರಡು ಟ್ರಂಕುಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದರ ಮೇಲೆ ಚಂಪಾ ಕುಳಿತಿದ್ದಳು. ಹಾಲಮ್ಮ ದೊಡ್ಡದನ್ನು ಒಳಗೆ ಎಳೆದುಕೊಂಡು ಹೋಗುವುದು, ವಿಶಾಲಾಕ್ಷಿ ಅದನ್ನು ಹೊರಗೆ ತರುವುದು, ಬೆಳಗಿನಿಂದ ಹೀಗೇ ನಡೆದಿತ್ತಂತೆ. ಇಬ್ಬರೂ ಸುಸ್ತಾಗಿದ್ದರು.

ಮುರಿಗೆಪ್ಪನವರು ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕಾಲು ಮಡಿಸಿ ಕುಳಿತರು. ನಾನು ವರದಿ ಕೊಟ್ಟು ಪೆನ್ನು ಕೊಟ್ಟೆ. ಅವರು ಓದುವಾಗ ನಾನು ಕೆಳಗೆ ನೋಡುತ್ತಿದ್ದೆ. ಈಚೆಗೆ ಯಾರ ಮುಖವನ್ನೂ ನೋಡಲಾಗುತ್ತಿರಲಿಲ್ಲ, ಜನರ ಕಾಲು ನೋಡುವುದು ಅಭ್ಯಾಸವಾಗಿತ್ತು. ಅವರ ಕಾಲು ಮೊಣಕಾಲಿನವರೆಗೂ ಹಿಟ್ಟಿನಿಂದ ಬೆಳ್ಳಗಿತ್ತು. ಹಿಮ್ಮಡಿ ಬೇಸಿಗೆಯ ಕೆರೆಯಂತೆ ಒಡೆದಿತ್ತು. ಒಡಕುಗಳೆಲ್ಲ ಕೆಂಪಗಿದ್ದವು. ರಕ್ತವಲ್ಲ. ಆ ಕೆಂಪು ನನಗೆ ಗೊತ್ತು.

ಟ್ರಂಕಿನ ಮೇಲಿಂದ ಇಳಿಬಿದ್ದಿದ್ದ ಚಂಪಾಳ ಕಾಲು ನೋಡಿದೆ. ಹೆಬ್ಬೆರಳಿನ ಉಗುರಿನ ಸುತ್ತ ತೆಳ್ಳಗೆ ಹಸಿರು ಅಂಚಿತ್ತು.

ಹೇಳುವುದು ನನ್ನ ಕೆಲಸವಾಗಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಹಿಮ್ಮಡಿ ತುಂಬ ಒಡೆದಿದೆ. ಎಣ್ಣೆ ಹಚ್ಚಿಕೊಳ್ಳಿ" ಎಂದೆ.

ಅವರು ತಮ್ಮ ಹಿಮ್ಮಡಿ ನೋಡಿಕೊಂಡರು. ಕಾಲನ್ನು ಪಂಚೆಯೊಳಗೆ ಎಳೆದುಕೊಳ್ಳಲು ಹೋಗಿ, ಹಾಗೇ ಬಿಟ್ಟರು. ನನ್ನನ್ನು ನೋಡಿದರು. ಪೆನ್ನು ಕಾಗದದ ಮೇಲೆಯೇ ಇತ್ತು. ಅವರು ಸಹಿ ಮಾಡಿಬಿಟ್ಟಿದ್ದರೆ ನಾನು ಏನು ಮಾಡುತ್ತಿದ್ದೆನೋ ಈಗಲೂ ಹೇಳಲಾರೆ.

"ಹೆಸರು ತಪ್ಪಾಗೈತೆ ಮೇಡಂ" ಅಂದರು.

"ಏನು ತಪ್ಪು?" ಹಾಲಮ್ಮ ಬಗ್ಗಿ ನೋಡಿದರು. "ಚಂಪಾ ತಾನೆ? ಸ್ಕೂಲಲ್ಲಿ ಚಂಪಾವತಿ ಅಂತಿದ್ರೆ ವತಿ ಸೇರಿಸಿ."

"ಕೆಂಪು ಪೊಟ್ಟಣ ನಾನು ಹಾಕಿದ್ದು ಅಕ್ಕ."

ಹಾಲಮ್ಮನಿಗೆ ಅರ್ಥವಾಗಲಿಲ್ಲ. ಅವರು ತಮ್ಮನ ಮುಂಗೈಯ ಹಸಿರು ದಾರ ಹಿಡಿದು ತೋರಿಸಿದರು. ಮುರಿಗೆಪ್ಪನವರು ತಲೆಯಾಡಿಸಿದರು. ಆಗ ಚಂಪಾ, ಯಾರೋ ಪಾಠ ಕೇಳಿದಂತೆ ಎದ್ದು ನಿಂತು ಹೇಳಿದಳು, "ನನಗೆ ಹಸಿರು ಇಷ್ಟ. ಮೇಡಂ ಹೋದ ಮೇಲೆ ಕೇಳಿದೆ. ಗಿರಣಿ ಅಪ್ಪ ತಗೋ ಅಂತ ಕೊಟ್ಟರು. ದಾರಾನೂ ಬದಲಾಯಿಸೋಣ ಅಂದೆ, ಬಿಚ್ಚಕ್ಕೆ ಬರಲಿಲ್ಲ."

"ಮೊನ್ನೇನೇ ಯಾಕೆ ಬಾಯಿ ಬಿಡಲಿಲ್ಲ ನೀನು?" ವಿಶಾಲಾಕ್ಷಿ ಮಗಳ ರಟ್ಟೆ ಹಿಡಿದು ಕೇಳಿದಳು.

"ಅವರೇ ಹೇಳ್ತಾರೆ ಅಂತ ಕಾಯ್ತಿದ್ದೆ."

ಹಾಲಮ್ಮ ಕಂಬ ಹಿಡಿದು ಕುಳಿತರು.

"ಎರಡು ದಿನ ಆ ಕೂಸಿನ ಮುಖ ನೋಡ್ಕಂಡೇ ಉಂಡ್ಯೇನೋ ನೀನು? ನಾನು ಬಡಿಸಿದೆ. ನೀನು ಉಂಡೆ."

"ಉಂಡೆ."

"ನಿನ್ನದು ಹೆಂಗೆ ನಿಲ್ತೈತೆ? ಹುಟ್ಟಿದ ಮನೆ. ಅಪ್ಪ ತೋಡ್ಸಿದ ಗುಂಡಿ."

ಅವರು ಅಕ್ಕನಿಗೆ ಉತ್ತರ ಕೊಡದೆ ನನಗೆ ಹೇಳಿದರು. ಜನ ಮನೆಯವರಿಗೆ ಹೇಳಲಾಗದ್ದನ್ನು ನನಗೆ ಹೇಳುತ್ತಾರೆ. ಮೊದಲ ಹೆಂಡತಿ ಸರ್ವಮಂಗಳ ತೀರಿಹೋಗಿ ನಾಲ್ಕು ವರ್ಷವಾಯಿತು. ಅವತ್ತಿನಿಂದ ಅವರು ಗಿರಣಿಯಲ್ಲೇ ಸ್ನಾನ ಮಾಡಿ, ಬಯಲಿಗೆ ಹೋಗಿ, ಉಣ್ಣಲು ಮಲಗಲು ಮಾತ್ರ ಮನೆಗೆ ಬರುತ್ತಿದ್ದರು. ತಮ್ಮ ನೀರು ನಿಲ್ಲುತ್ತದೆ ಎಂದು ಅವರಿಗೆ ಅನುಮಾನವಿತ್ತು. ಮನೆಯಲ್ಲಿ ಅವಳ ಹೆಸರು ಎತ್ತಬೇಡ, ಮರೆತುಹೋಗುತ್ತೆ ಅಂದಿದ್ದರು ಅಕ್ಕ. ಎತ್ತಲಿಲ್ಲ. ಮರೆಯಲೂ ಇಲ್ಲ. ಎರಡು ತಿಂಗಳ ಹಿಂದೆ ವಿಶಾಲಾಕ್ಷಿ ಬಂದಳು. ಗಿರಣಿಯಲ್ಲಿ ತಣ್ಣೀರು ಯಾಕೆ, ನಾನು ಕಾಯಿಸಿಡ್ತೀನಿ ಅಂದಳು.

"ಬಿಸಿನೀರು ಕಾಯಿಸಿಟ್ಟಿದ್ಲು ಮೇಡಂ. ಒಲ್ಲೆ ಅನ್ನಾಕೆ ಆಗಲಿಲ್ಲ. ಈ ಮನೇಲಿ ನಾನು ಇಲ್ಲ ಅಂತ ನನಗೆ ಗೊತ್ತಿತ್ತು. ಮಣ್ಣು ಬಾಯಿ ಬಿಡಲ್ಲ ಅಂದ್ಕಂಡಿದ್ದೆ. ನನ್ನ ಹೆಸರು ಬರೀರಿ."

ನಾನು ಚಂಪಾಳ ಹೆಸರನ್ನು ಹೊಡೆದು ಅವರ ಹೆಸರು ಬರೆದೆ. ಪಕ್ಕದಲ್ಲಿ, ಪೊಟ್ಟಣ ಅದಲುಬದಲಾಗಿತ್ತು ಎಂದು ಬರೆದೆ. ಅವರು ಸಹಿ ಹಾಕಿದರು. ಆಮೇಲೆ ಚಂಪಾಳ ಮುಂದೆ ನಿಂತು ಏನೋ ಹೇಳಲು ನೋಡಿದರು. ಅವಳು, "ಹಸಿರು ಪುಡಿ ಇನ್ನೂ ಸ್ವಲ್ಪ ಐತೆ. ವಾಪಸ್ ಬೇಕಾ?" ಎಂದು ಕೇಳಿದಳು.

"ನೀನೇ ಇಟ್ಕೋ" ಅಂದರು.

ಅಂದೇ ಸಂಜೆಗೆ ಹಾಸಿಗೆ ಸುರುಳಿ ಸುತ್ತಿಕೊಂಡು ಗಿರಣಿಗೆ ಹೋದರು. ಒಂಬತ್ತು ದಿನ ಕಾಯಲಿಲ್ಲ. ಹಾಲಮ್ಮ ಚಿಕ್ಕ ಟ್ರಂಕನ್ನು ತಾವೇ ಒಳಗೆ ಒಯ್ದು, ಒಂದೊಂದೇ ಲಂಗ ತೆಗೆದು ಗೂಟಕ್ಕೆ ಎಸೆಯುತ್ತಿದ್ದುದು ಹೊರಗೆ ಕೇಳಿಸುತ್ತಿತ್ತು. ಯಾರನ್ನು ಬೈಯುತ್ತಿದ್ದರೋ ಗೊತ್ತಾಗಲಿಲ್ಲ. ಬಹುಶಃ ಎಲ್ಲರನ್ನೂ.

ನಾನು ಮನೆಗೆ ಬಂದೆ. ತಿಂಗಳ ಕೊನೆ. ರಿಜಿಸ್ಟರು ತೆಗೆದೆ. ಬೇರೆಯವರ ಮನೆಗಳದೆಲ್ಲ ಬರೆದಾಯಿತು. ನನ್ನ ಮನೆಯ ಸಾಲಿಗೆ ಬಂದೆ. ಒಂದರ ಕೆಳಗೆ ಒಂದು ಹನ್ನೊಂದು "ಇಂಗಿದೆ"ಗಳಿದ್ದವು. ಎಲ್ಲವೂ ನನ್ನದೇ ಅಕ್ಷರ, ಒಂದರಂತೆ ಒಂದು ದುಂಡಗೆ. ಹನ್ನೆರಡನೆಯದನ್ನು ಬರೆಯಲು ಹೋದೆ. ಎರಡು ಗಂಟೆ ಹಿಂದೆ ಅದೇ ಪೆನ್ನನ್ನು ಮುರಿಗೆಪ್ಪನವರ ಕೈಗೆ ಕೊಟ್ಟಿದ್ದೆ. ಬರೆಯಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹಾರೆ ಹುಡುಕಿದೆ. ಅದು ಇಂದುಧರ ಇಟ್ಟ ಜಾಗದಲ್ಲೇ ಇತ್ತು, ಬಚ್ಚಲ ಗೋಡೆಗೆ ಒರಗಿ. ಮುಚ್ಚಳದ ಮೇಲೆ ಹುಣಸೆ ಎಲೆ ಒಣಗಿ ಬಿದ್ದಿದ್ದವು. ಗುಡಿಸಿದೆ. ಬೆಕ್ಕಿನ ಹೆಜ್ಜೆಗಳಲ್ಲಿ ಮಣ್ಣು ತುಂಬಿತ್ತು. ಉಂಗುರಕ್ಕೆ ಹಾರೆ ಕೊಟ್ಟು ಮೀಟಿದೆ. ಊರಿನ ಎಷ್ಟೋ ಮುಚ್ಚಳ ಎತ್ತಿದ್ದೇನೆ, ಇದು ಭಾರವಾಗಿತ್ತು. ಮೂರನೆಯ ಸಲಕ್ಕೆ ಎದ್ದಿತು.

ನಿಂತಿತ್ತು. ಬಾಯಿಗಿಂತ ಒಂದು ಗೇಣು ಕೆಳಗೆ. ಅಲುಗಾಡದೆ, ಯಾರೋ ಇಟ್ಟು ಹೋದಂತೆ. ಒಬ್ಬಳ ಹನ್ನೊಂದು ತಿಂಗಳ ನೀರು.

ಪಕ್ಕದಲ್ಲಿ ಕುಳಿತು ನೋಡಿದೆ. ಅಳು ಬರಬಹುದು ಎಂದುಕೊಂಡೆ. ಬರಲಿಲ್ಲ. ಬಹಳ ದಿನದ ಮೇಲೆ ಹಸಿವಾಯಿತು. ಒಳಗೆ ಹೋಗಿ ಉಪ್ಪಿಟ್ಟು ಮಾಡಿಕೊಂಡು, ತಟ್ಟೆ ಹಿಡಿದು ಮತ್ತೆ ಅಲ್ಲಿಗೇ ಬಂದು ಕುಳಿತು ತಿಂದೆ. ನಾನು ಈ ಮನೆಯಲ್ಲಿ ಇರಲಿಲ್ಲ. ಇಲ್ಲಿ ಅಡುಗೆ ಮಾಡಿದ್ದೆ, ಮಲಗಿದ್ದೆ, ಬಾಗಿಲು ಹಾಕಿ ತೆಗೆದಿದ್ದೆ. ಇರಲಿಲ್ಲ. ಅದು ಮಣ್ಣಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರ ನಡುವೆ ಒಂದು ಮುಚ್ಚಳವಿತ್ತು, ಅಷ್ಟೆ.

ರಿಜಿಸ್ಟರಿನಲ್ಲಿ ಬರೆದೆ: "ಸುಕನ್ಯಾ ಇಂದುಧರ, ಒಬ್ಬರು. ನಿಂತಿದೆ. ಮೇಲಿನ ಹನ್ನೊಂದೂ ಗುಂಡಿ ನೋಡದೆ ಬರೆದವು."

ಸೋಮವಾರ ಕಚೇರಿಯಲ್ಲಿ ಹಿರಿಯ ಅಧಿಕಾರಿಗಳು ಅದನ್ನು ಓದಿ ಕನ್ನಡಕ ತೆಗೆದರು. "ಇದನ್ನ ಯಾರು ಕೇಳಿದ್ರಮ್ಮ ನಿಮ್ಮನ್ನ?" ಅಂದರು. ಯಾರೂ ಕೇಳಿರಲಿಲ್ಲ. ನಿಯಮದಂತೆ ಅವರು ನನ್ನ ಹೆಸರನ್ನೂ ಹೊರಗಿನ ಬೋರ್ಡಿಗೆ ಹಚ್ಚಿಸಿದರು. ಒಂಬತ್ತು ದಿನ. ಅಮ್ಮನಿಗೆ ಫೋನು ಮಾಡಬೇಕು ಎಂದುಕೊಂಡೆ. ಎರಡು ದಿನ ಹಾಗೇ ಹೋಯಿತು.

ಬುಧವಾರ ಸಂಜೆ ಹಾಲಮ್ಮ ಬಂದರು. ಚಪ್ಪಲಿ ಬಿಡದೆ ನೇರ ಹಿತ್ತಲಿಗೆ ಹೋಗಿ ಗುಂಡಿ ನೋಡಿ ಬಂದರು.

"ನಿಂತೈತೆ" ಅಂದರು, ನಾನು ಸುಳ್ಳು ಹೇಳಿರಬಹುದು ಎಂಬಂತೆ. ಆಮೇಲೆ ಕುಳಿತು ಬೆವರು ಒರೆಸಿಕೊಂಡರು. "ನಮ್ಮ ಗುಂಡಿ ನಾಲ್ಕು ಜನಕ್ಕೆ ಅಂತ ನೀವೇ ಬರ್ಕಂಡು ಹೋಗೀರಿ. ಒಬ್ಬ ಗಿರಣೀಲಿ ಅದಾನೆ. ಇನ್ನು ನೀವೇ ಲೆಕ್ಕ ಹಾಕ್ರಿ, ಓದಿದೋರು."

ನನಗೆ ತಕ್ಷಣ ತಿಳಿಯಲಿಲ್ಲ.

"ನಮ್ಮನೇಗೆ ಬರ್ರಿ ಅಂತ ಹೇಳ್ತಿದೀನಿ. ನೆಟ್ಟಗೆ ಕರೆಯಾಕೂ ಬರಲ್ಲ ನನಗೆ."

"ನನ್ನ ನೀರು ಅಲ್ಲೂ ನಿಲ್ಲಬಹುದಮ್ಮ."

"ನಿಂತ್ರೆ ನಿಲ್ಲಲಿ. ಅವನ್ದು ಎರಡು ತಿಂಗಳು ನಿಂತಿತ್ತು, ನಾವೇನು ಸತ್ವಾ? ಗುಂಡೀಲಿ ಜಾಗ ಐತೆ. ತುಂಬಿದ್ರೆ ನೋಡಾಣ." ಆಮೇಲೆ ಹೇಳಿದರು, "ಆ ಕೂಸನ್ನ ಕಳಿಸಿಬಿಡ್ತಿದ್ದೆ ನಾನು. ನೀವು ಅವತ್ತು ಕಾಲು ನೋಡದಿದ್ರೆ. ನನಗೆ ಒಂದೇ ಸಮನೆ ನಿದ್ದೆ ಬರವಲ್ದು. ಬರ್ರಿ ಸುಮ್ಮನೆ."

ಬಟ್ಟೆ, ಎರಡು ಪುಸ್ತಕ, ಇಂದುಧರನ ಗಡಿಯಾರ, ಬಣ್ಣದ ಡಬ್ಬಿ. ಇಷ್ಟು ತೆಗೆದುಕೊಂಡು ಅವರ ಜೊತೆಗೇ ಹೊರಟೆ. ದಾರಿಯಲ್ಲಿ ಗಿರಣಿ ಸಿಕ್ಕಿತು. ಬೆಲ್ಟು ನಿಂತಿತ್ತು. ಹಿಂಭಾಗದ ಕಟ್ಟೆಯ ಮೇಲೆ ಮುರಿಗೆಪ್ಪನವರು ಊಟ ಮಾಡುತ್ತಿದ್ದರು. ವಿಶಾಲಾಕ್ಷಿ ಎದುರಿಗೆ ಕುಳಿತು ಏನೋ ಕೇಳುತ್ತಿದ್ದಳು. ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು ಹೇಳುತ್ತಿದ್ದರು. ಒಂದು ಹೆಸರು ಮಾತ್ರ ನಮ್ಮವರೆಗೆ ಬಂತು. ಸರ್ವಮಂಗಳ.

ಹಾಲಮ್ಮ ನಿಂತರು. ನಿಲ್ಲಿಸಲು ಹೋಗುತ್ತಾರೆ ಎಂದುಕೊಂಡೆ.

"ದಿನಾ ಇದೇ. ಇವಳೇ ಕೇಳ್ತಾಳೆ, ಅವಳಿಗೆ ಯಾವ ಪಲ್ಯ ಇಷ್ಟ ಇತ್ತು, ಎಷ್ಟು ಎತ್ತರ ಇದ್ಲು ಅಂತ" ಅಂದರು. "ಅವನು ಇಷ್ಟು ಮಾತಾಡಿದ್ದು ನಾನೇ ಕೇಳಿರ್ಲಿಲ್ಲ." ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. "ನೀವೂ ಹೇಳ್ರಿ. ನಿಮ್ಮ ಯಜಮಾನ್ರು ನಮ್ಮ ಎಮ್ಮೆಗೆ ಬಂದಿದ್ರು ಒಂದ್ಸಲ. ಎಮ್ಮೆ ಕಿವೀಲಿ ಏನೋ ಹೇ‍ಳ್ತಿದ್ರು."

"ಹೆದರಬೇಡ ಅನ್ನುತ್ತಿದ್ದ" ಎಂದೆ. ಹನ್ನೊಂದು ತಿಂಗಳಲ್ಲಿ ಅವನ ಬಗ್ಗೆ ನಾನು ಬೇರೆಯವರಿಗೆ ಹೇಳಿದ ಮೊದಲ ಮಾತು ಅದು. "ಪ್ರತಿಯೊಂದಕ್ಕೂ ಹೇಳುತ್ತಿದ್ದ. ಕೋಳಿಗೂ."

ಹಾಲಮ್ಮ ಜೋರಾಗಿ ನಕ್ಕರು. ಏರಿ ದಾಟಿ ಮನೆಯ ಕಡೆ ನಡೆದೆವು.

ಮನೆಯಲ್ಲಿ ಚಂಪಾ ಜಗಲಿಯ ಮೇಲೆ ಕಾಯುತ್ತಿದ್ದಳು. ನಾನು ಚೀಲ ಇಳಿಸುವ ಮೊದಲೇ ಬಣ್ಣದ ಡಬ್ಬಿ ಅವಳ ತೊಡೆಯ ಮೇಲಿತ್ತು. ಮುಚ್ಚಳ ತೆಗೆದು ಪೊಟ್ಟಣಗಳನ್ನು ಸಾಲಾಗಿ ಇಟ್ಟಳು. ನಾನು ನಾಲ್ಕು ವರ್ಷದಿಂದ ಊರಿಗೆಲ್ಲ ಕೊಡುತ್ತಿದ್ದಂತೆ, ಗಂಭೀರವಾಗಿ.

"ಒಬ್ಬೊಬ್ಬರಿಗೆ ಒಂದೊಂದು ಬಣ್ಣ" ಅಂದಳು. "ಹಸಿರು ನಂದು. ಹಳದಿ ಹಾಲಮ್ಮತ್ತೇದು. ನೀಲಿ ಅಮ್ಮಂದು. ಕೆಂಪು ಗಿರಣಿ ಅಪ್ಪಂದು, ಅವರು ಬಂದ ಮೇಲೆ ಬೇಕಾಗುತ್ತೆ. ನಿಮಗೆ ಯಾವುದು ಬೇಕು?"

ಯಾರಿಗೂ ನಾನು ಹಾಗೆ ಕೇಳಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದೆ. ನನ್ನನ್ನೂ ಈ ಹನ್ನೊಂದು ತಿಂಗಳು ಯಾರೂ ಕೇಳಿರಲಿಲ್ಲ. ಏನು ಉಡಬಾರದು, ಎಲ್ಲಿಗೆ ಬರಬಾರದು ಎಂದು ಹೇಳಿದವರಿದ್ದರು.

"ಯಾವುದಾದರೂ ಕೊಡು" ಎಂದೆ.

"ಯಾವುದಾದರೂ ಅಂತ ಬಣ್ಣ ಇಲ್ಲ."

ಬಗ್ಗಿ ಡಬ್ಬಿಯೊಳಗೆ ನೋಡಿದೆ. ಕೊನೆಯ ಖಾನೆಯಲ್ಲಿ ಎರಡು ಉಳಿದಿದ್ದವು. ಒಂದು ಕಂದು. ಇನ್ನೊಂದು ನೇರಳೆ. ಆ ಪೊಟ್ಟಣವನ್ನು ನಾನು ಯಾವ ಮನೆಯಲ್ಲೂ ಒಡೆದಿರಲಿಲ್ಲ. ಅಂಚು ಹೊಸದಾಗಿಯೇ ಇತ್ತು.

"ನೇರಳೆ" ಎಂದೆ.

ಅವಳು ನೇರಳೆ ದಾರ ಹುಡುಕಿ, ನಾಲಿಗೆ ಕಚ್ಚಿಕೊಂಡು, ನನ್ನ ಮುಂಗೈಗೆ ಕಟ್ಟಿದಳು. ಎಡಗೈಯವಳು. ನನ್ನ ಗಂಟಲ್ಲ, ಅವಳದೇ ಒಂದು ಗಂಟು. ಬಿಚ್ಚಿ ನೋಡಲಿಲ್ಲ. ಹಾಲಮ್ಮ ಒಳಗಿನಿಂದ ಕೂಗಿದರು, "ನೀರು ಕಾದೈತೆ. ಯಾರು ಮೊದಲು?"

ಪೊಟ್ಟಣ ಹಿಡಿದು ನಾನು ಎದ್ದೆ.